ಸೂರ್ಯನ ಕುದುರೆ ಒಂದೇ ಸಮನೆ ಓಡಾಡ್ತಿದೆಯಾ? ಮೊದಲು ಹೊಟ್ಟೆ ನೋಡಿ

ಸೂರ್ಯನ ಕುದುರೆಯನ್ನು, ಅಂದರೆ ಮ್ಯಾಂಟಿಸನ್ನು, ಮನೆಯಲ್ಲಿ ಸಾಕಿದವರಿಗೆ ಅದರ ಸ್ವಭಾವ ಗೊತ್ತು. ಕಡ್ಡಿಗೆ ತಲೆಕೆಳಗಾಗಿ ನೇತುಬಿದ್ದು ಇಡೀ ದಿನ ಕಳೆಯುವ ಹುಳ ಅದು. ಇಂಥದ್ದು ಒಂದು ದಿನ ಡಬ್ಬಿಯ ಮೂಲೆ ಮೂಲೆ ಸುತ್ತುತ್ತದೆ, ಮುಚ್ಚಳ ಕೆರೆಯುತ್ತದೆ, ಎದುರಿಗೆ ಹಾಕಿದ ಮಿಡತೆಯನ್ನು ತಿರುಗಿಯೂ ನೋಡುವುದಿಲ್ಲ. ಗಾಬರಿ ಆಗದೆ ಇರುತ್ತದಾ?

ನಮ್ಮ ಕಲಬುರಗಿ ಕಡೆ ಈ ಗಾಬರಿಗೂ ಒಂದು ಸೀಸನ್ ಇದೆ. ಮಳೆಗಾಲ ಮುಗಿದು ತೊಗರಿ ಎದೆಯೆತ್ತರ ಬೆಳೆದು ಹೂ ಬಿಡುವ ಹೊತ್ತಿಗೆ ಹೊಲದ ಬದುವಿನಲ್ಲಿ, ಕಾಂಪೌಂಡಿನ ಬೇಲಿ ಗಿಡದಲ್ಲಿ ದೊಡ್ಡ ದೊಡ್ಡ ಹಸಿರು ಹೆಣ್ಣುಗಳು ಕಾಣಿಸುತ್ತವೆ. ಮಕ್ಕಳು ಹಿಡಿದು ತರುತ್ತಾರೆ. ಕೆಲವು ದಿನ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಓಣಿಯ ಯಾವನಾದರೂ ಹುಡುಗ ಬಾಗಿಲಿಗೆ ಬರುತ್ತಾನೆ. "ಕಾಕಾ, ನಮ್ಮ ಹುಳಕ್ಕ ಏನೋ ಆಗ್ಯಾದ ನೋಡ್ರಿ, ರಾತ್ರಿ ಪೂರಾ ಓಡ್ಯಾಡ್ಲಿಕತ್ತದ."

ಹೆಚ್ಚಿನ ಸಲ ಏನೂ ಆಗಿರುವುದಿಲ್ಲ. ಅದಕ್ಕೆ ಮೊಟ್ಟೆ ಇಡಲು ಜಾಗ ಬೇಕಾಗಿರುತ್ತದೆ, ಅಷ್ಟೇ. ಆದರೆ ಹಸಿವು, ಬಿಸಿಲು, ಸೊಳ್ಳೆ ಔಷಧಿ, ಹೊಟ್ಟೆಯೊಳಗಿನ ಜಂತು ಇವುಗಳಿಂದಲೂ ಹುಳ ಹೀಗೇ ಚಡಪಡಿಸುತ್ತದೆ. ಯಾವುದನ್ನು ಮೊದಲು ನೋಡಬೇಕು, ಆಮೇಲೆ ಏನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ಬರೆಯುತ್ತೇನೆ.

ಬೆಳೆದ ಹೆಣ್ಣು ಹೌದೇ, ಖಚಿತ ಮಾಡಿಕೊಳ್ಳಿ

ಇದಕ್ಕೆ ಹುಳವನ್ನು ಕೈಗೆ ತೆಗೆದುಕೊಳ್ಳುವುದು ಬೇಡ. ಅದು ಡಬ್ಬಿಯ ಗೋಡೆ ಹತ್ತಿದಾಗ ಹೊಟ್ಟೆಯ ಕೆಳಭಾಗ ಕಾಣುತ್ತದೆ. ಅಲ್ಲಿರುವ ಅಡ್ಡ ಪಟ್ಟಿಗಳನ್ನು ಎಣಿಸಿ. ಹೆಣ್ಣಿಗೆ 6, ಗಂಡಿಗೆ 8. ಹೆಣ್ಣಿನ ಕೊನೆಯ ಪಟ್ಟಿ ಉಳಿದವಕ್ಕಿಂತ ದೊಡ್ಡದು. ಗಂಡು ಸಪೂರವಾಗಿರುತ್ತದೆ, ಅದರ ಮೀಸೆ ಉದ್ದ, ಹಾರುವುದೂ ಜಾಸ್ತಿ. ರಾತ್ರಿ ಟ್ಯೂಬ್‌ಲೈಟಿನ ಪಕ್ಕ ಗೋಡೆಗೆ ಬಂದು ಕೂರುವುದು ಸಾಮಾನ್ಯವಾಗಿ ಗಂಡೇ. ಅದನ್ನು ಹಿಡಿದಿಟ್ಟುಕೊಂಡು ಮೊಟ್ಟೆಗಾಗಿ ಕಾಯುವವರೂ ಇದ್ದಾರೆ!

ಹೆಣ್ಣು ಅಂತ ಗೊತ್ತಾದ ಮೇಲೆ ರೆಕ್ಕೆ ನೋಡಿ. ಹೊಟ್ಟೆ ಮುಚ್ಚುವಷ್ಟು ಪೂರ್ತಿ ರೆಕ್ಕೆ ಬಂದಿದ್ದರೆ ಅದು ಕೊನೆಯ ಪೊರೆ ಕಳಚಿ ಆಗಿದೆ. ಇನ್ನು ಪೊರೆ ಬಿಡುವುದಿಲ್ಲ. ಬೆನ್ನ ಮೇಲೆ ಚಿಕ್ಕ ಮೊಗ್ಗಿನಂಥ ರೆಕ್ಕೆ ಮಾತ್ರ ಇದ್ದು, ಅವು ಊದಿಕೊಂಡಿದ್ದರೆ, ಊಟವನ್ನೂ ಬಿಟ್ಟಿದ್ದರೆ ಅದು ಪೊರೆ ಬಿಡುವ ತಯಾರಿಯಲ್ಲಿದೆ. ಆಗಲೂ ಹುಳ ಜಾಗ ಹುಡುಕುತ್ತ ಅಲೆದಾಡುತ್ತದೆ. ಆದರೆ ನೀವು ಮಾಡಬೇಕಾದ ಕೆಲಸ ಬೇರೆ. ಡಬ್ಬಿಯಲ್ಲಿರುವ ಮಿಡತೆ, ಜಿರಳೆ ಎಲ್ಲ ತೆಗೆದುಬಿಡಿ, ತುಸು ನೀರು ಚಿಮುಕಿಸಿ, ಮುಟ್ಟದೆ ಬಿಡಿ. ಪೊರೆ ಬಿಡುವಾಗ ಮೈ ಮೆತ್ತಗಿರುತ್ತದೆ. ಆಗ ಒಂದು ಮಿಡತೆ ಕಚ್ಚಿದರೂ ಕಾಲು ಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಕೆಲವು ಜಾತಿಗಳಲ್ಲಿ ಬೆಳೆದ ಹೆಣ್ಣಿನ ರೆಕ್ಕೆಯೂ ಗಿಡ್ಡವಾಗಿಯೇ ಉಳಿಯುತ್ತದೆ. ಅಲ್ಲಿ ರೆಕ್ಕೆ ನಂಬದೆ ಹೊಟ್ಟೆಯನ್ನೇ ನಂಬಬೇಕು.

ಹೊಟ್ಟೆ ಏನು ಹೇಳುತ್ತದೆ

ಮೊಟ್ಟೆ ತುಂಬಿದ ಹೊಟ್ಟೆ ಉಬ್ಬಿರುತ್ತದೆ, ಪಟ್ಟಿಗಳ ನಡುವಿನ ತೆಳು ಚರ್ಮ ಹಿಗ್ಗಿ ಕಾಣುತ್ತದೆ, ಎರಡೂ ಪಕ್ಕದಿಂದ ರೆಕ್ಕೆಯ ಅಂಚು ದಾಟಿ ಹೊರಗೆ ಬಂದಿರುತ್ತದೆ. ಊಟ ಮಾಡಿದ ಹೊಟ್ಟೆಯೂ ಉಬ್ಬುತ್ತದೆ, ನಿಜ. ಆದರೆ ಅದು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮೊಟ್ಟೆಯ ಹೊಟ್ಟೆ ಇಳಿಯುವುದಿಲ್ಲ, ದಿನ ದಿನಕ್ಕೂ ಭಾರವಾಗುತ್ತದೆ. ಮೊಬೈಲಿನಲ್ಲಿ ಪಕ್ಕದಿಂದ ಒಂದು ಫೋಟೋ ತೆಗೆದು, ಮೂರು ದಿನ ಬಿಟ್ಟು ಇನ್ನೊಂದು ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ. ದಿನಾ ನೋಡುವ ಕಣ್ಣಿಗೆ ತಿಳಿಯದ ವ್ಯತ್ಯಾಸ ಫೋಟೋದಲ್ಲಿ ತಿಳಿಯುತ್ತದೆ.

ಇನ್ನೊಂದು ಲೆಕ್ಕ ದಿನದ್ದು. ಕೊನೆಯ ಪೊರೆ ಕಳಚಿದ ಮೇಲೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಮೊದಲ ಮೊಟ್ಟೆಗೂಡು, ಅಂದರೆ ಗಟ್ಟಿಯಾದ ನೊರೆಯೊಳಗೆ ಮೊಟ್ಟೆ ಕೂರಿಸಿದ ಗೂಡು, ಬರುತ್ತದೆ. ಆಮೇಲೆ ಚೆನ್ನಾಗಿ ತಿನ್ನುವ ಹೆಣ್ಣು ಎರಡು ಮೂರು ವಾರಕ್ಕೊಮ್ಮೆ ಇಡುತ್ತ ಹೋಗುತ್ತದೆ. ಜಗತ್ತಿನಲ್ಲಿ 2,400ಕ್ಕೂ ಹೆಚ್ಚು ಜಾತಿಯ ಮ್ಯಾಂಟಿಸ್ ಇರುವುದರಿಂದ ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯುವಂಥ ಲೆಕ್ಕ ಅಂದುಕೊಳ್ಳಬೇಡಿ. ಚಳಿ ಜಾಸ್ತಿಯಾದರೆ ತಡವಾಗುತ್ತದೆ. ಬೀದರ್ ಎತ್ತರದ ಮೇಲಿದೆ. ಡಿಸೆಂಬರ್ ರಾತ್ರಿ ಅಲ್ಲಿ ಕಲಬುರಗಿಗಿಂತ ತಂಪು, ಅಲ್ಲಿಯವರು ಇನ್ನಷ್ಟು ಕಾಯಬೇಕಾಗಬಹುದು.

ಹೊಲದಿಂದ ತಂದ ಹೆಣ್ಣಿನ ಪೊರೆಯ ದಿನ ನಿಮಗೆ ಗೊತ್ತಿರುವುದಿಲ್ಲ. ಅದಕ್ಕೆ ಹೊಟ್ಟೆಯ ಜೊತೆ ಈ ಮೂರು ನಡವಳಿಕೆ ನೋಡಿ: ಹೊಟ್ಟೆಯ ತುದಿಯನ್ನು ಕಡ್ಡಿಗೋ ಗೋಡೆಗೋ ಒತ್ತಿ ಸವರುವುದು, ಒಂದು ಜಾಗದಲ್ಲಿ ತಲೆಕೆಳಗಾಗಿ ನಿಂತು ಮತ್ತೆ ಬಿಟ್ಟು ಹೋಗುವುದು, ಇಷ್ಟದ ಊಟವನ್ನೂ ಒಲ್ಲೆ ಅನ್ನುವುದು. ಹೊಟ್ಟೆ ದಪ್ಪ ಇದ್ದು ಈ ಮೂರೂ ಕಂಡರೆ ಒಂದೆರಡು ದಿನದಲ್ಲಿ ಮೊಟ್ಟೆ ಇಡುತ್ತದೆ ಅಂತ ಧೈರ್ಯವಾಗಿ ಹೇಳಬಹುದು.

ಇಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದಿದೆ. "ಗಂಡಿನ ಜೊತೆ ಬಿಟ್ಟೇ ಇಲ್ಲ, ಮೊಟ್ಟೆ ಹೇಗೆ ಇಡುತ್ತದೆ?" ಇಡುತ್ತದೆ. ಕೋಳಿ ಹುಂಜ ಇಲ್ಲದೆಯೂ ಮೊಟ್ಟೆ ಇಡುವುದಿಲ್ಲವೇ, ಹಾಗೇ. ಆ ಮೊಟ್ಟೆಯಿಂದ ಸಾಮಾನ್ಯವಾಗಿ ಮರಿ ಬರುವುದಿಲ್ಲ. ಆದರೆ ಹೆಣ್ಣಿಗೆ ಅದನ್ನು ಹೊರಹಾಕಲೇಬೇಕು. ಹಾಗಾಗಿ ಮರಿ ಬೇಕೋ ಬೇಡವೋ, ಜಾಗ ಮಾಡಿಕೊಡುವುದು ನಿಮ್ಮ ಕೆಲಸ. ಇನ್ನು ಹೊಲದಲ್ಲಿ ರೆಕ್ಕೆ ಬಂದ ಮೇಲೆ ಸಿಕ್ಕ ಹೆಣ್ಣು ಅಲ್ಲೇ ಗಂಡಿನ ಜೊತೆ ಕೂಡಿರಬಹುದು. ಒಮ್ಮೆ ಪಡೆದ ವೀರ್ಯವನ್ನು ಅದು ಹೊಟ್ಟೆಯಲ್ಲೇ ಕೂಡಿಟ್ಟುಕೊಂಡು ಮುಂದಿನ ಹಲವು ಮೊಟ್ಟೆಗೂಡುಗಳಿಗೆ ಬಳಸುತ್ತದೆ.

ಓಡಾಟಕ್ಕೆ ಬೇರೆ ಕಾರಣ ಇದ್ದರೆ

ಹೊಟ್ಟೆ ಚಪ್ಪಟೆಯಾಗಿ ಒಳಗೆ ಹೋಗಿದ್ದರೆ ಅದು ಹಸಿವು. ಒಂದು ಪತಂಗವನ್ನೋ ನೊಣವನ್ನೋ ಬಿಟ್ಟು ನೋಡಿ, ಹಿಡಿದು ತಿಂದರೆ ವಿಷಯ ಮುಗಿಯಿತು. ಹೊಸ ಡಬ್ಬಿಗೆ ಹಾಕಿದ ಮೊದಲ ಒಂದೆರಡು ದಿನವೂ ಓಡಾಟ ಇದ್ದೇ ಇರುತ್ತದೆ.

ಸಂಜೆ ಕತ್ತಲಾಗುವಾಗ ಹೆಣ್ಣು ಒಂದೇ ಕಡೆ ನೇತು, ಹೊಟ್ಟೆಯನ್ನು ರೆಕ್ಕೆಯಿಂದ ದೂರ ಕೆಳಕ್ಕೆ ಬಾಗಿಸಿ ನಿಂತಿದ್ದರೆ ಅದು ಮೊಟ್ಟೆಯ ಸೂಚನೆ ಅಲ್ಲ. ಅದು ಗಂಡನ್ನು ಕರೆಯುವ ಭಂಗಿ. ಆಗ ಅದರ ಮೈಯಿಂದ ನಮ್ಮ ಮೂಗಿಗೆ ತಿಳಿಯದ ವಾಸನೆ ಹೊರಡುತ್ತದೆ. ಅದನ್ನು ಹಿಡಿದು ಗಂಡು ಹಾರಿ ಬರುತ್ತದೆ. ಕಿಟಕಿಯ ಜಾಲರಿಗೆ ಒಂದು ಸಪೂರ ಗಂಡು ಬಂದು ಅಂಟಿಕೊಂಡಿದ್ದರೆ ಆಶ್ಚರ್ಯ ಪಡಬೇಡಿ. ಒಳಗೆ ಬಿಡಬೇಕು ಅನ್ನಿಸಿದರೆ ಹೆಣ್ಣಿಗೆ ಹೊಟ್ಟೆ ತುಂಬ ತಿನ್ನಿಸಿ ಆಮೇಲೆ ಬಿಡಿ. ಹಸಿದ ಹೆಣ್ಣು ಗಂಡನ್ನೇ ತಿಂದು ಹಾಕುತ್ತದೆ, ಹೊಟ್ಟೆ ತುಂಬಿದ್ದರೂ ತಿನ್ನುವುದಿಲ್ಲ ಅಂತ ಗ್ಯಾರಂಟಿ ಇಲ್ಲ.

ಬಿಸಿಲು ನಮ್ಮ ಜಿಲ್ಲೆಗಳ ದೊಡ್ಡ ಸಮಸ್ಯೆ. ಸಾಮಾನ್ಯ ಹಸಿರು ಮ್ಯಾಂಟಿಸ್‌ಗೆ 24ರಿಂದ 30 ಡಿಗ್ರಿ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ದಾಟುವುದು ಮಾಮೂಲು, ಪತ್ರಾಸಿನ ಮನೆಯ ಒಳಗೆ ಇನ್ನೂ ಕಷ್ಟ. ಕಿಟಕಿಯಲ್ಲಿಟ್ಟ ಗಾಜಿನ ಬರಣಿಯ ಮೇಲೆ ಅರ್ಧ ಗಂಟೆ ಬಿಸಿಲು ಬಿದ್ದರೂ ಒಳಗಿನ ಹುಳ ಹುಚ್ಚು ಹಿಡಿದಂತೆ ಓಡುತ್ತದೆ, ಆಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಡಬ್ಬಿಯನ್ನು ನೆಲಮಹಡಿಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ, ನೆರಳಿನ ಮೂಲೆಯಲ್ಲಿ ಇಡಿ. ಆ ಕಲ್ಲು ಮಧ್ಯಾಹ್ನವೂ ತಂಪಾಗಿರುತ್ತದೆ. ನೆಲದ ಮೇಲೆ ಇಟ್ಟರೆ ಇರುವೆ ಬರುತ್ತವೆ. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಇಟ್ಟಿಗೆ ಇಟ್ಟು, ಅದರ ಮೇಲೆ ಡಬ್ಬಿ ಇಡಿ. ಕೂಲರ್ ಗಾಳಿ ಕೋಣೆಗೆ ಬರಲಿ, ಅದರಲ್ಲಿ ತೇವ ಇರುತ್ತದೆ, ಒಳ್ಳೆಯದೇ. ನೇರವಾಗಿ ಡಬ್ಬಿಗೆ ಹೊಡೆಯುವುದು ಮಾತ್ರ ಬೇಡ.

ಮುಂದಿನದನ್ನು ದಯವಿಟ್ಟು ಗಮನವಿಟ್ಟು ಓದಿ. ಓಡಾಟದ ಜೊತೆ ಕಾಲು ನಡುಗುವುದು, ಹಿಡಿತ ತಪ್ಪಿ ಮತ್ತೆ ಮತ್ತೆ ಬೀಳುವುದು, ಬೆನ್ನ ಮೇಲೆ ಬಿದ್ದು ಒದ್ದಾಡುವುದು ಕಂಡರೆ ಅದು ವಿಷ. ಸೊಳ್ಳೆ ಲಿಕ್ವಿಡ್, ಸೊಳ್ಳೆ ಬತ್ತಿ, ಜಿರಳೆಗೆ ಹೊಡೆಯುವ ಸ್ಪ್ರೇ ಇವೆಲ್ಲ ಕೀಟಗಳ ನರಕ್ಕೆ ಹೊಡೆಯುವ ಔಷಧಿಗಳು. ಮ್ಯಾಂಟಿಸೂ ಕೀಟವೇ ಅಲ್ವಾ? ಹುಳ ಇರುವ ಕೋಣೆಯಲ್ಲಿ ಇವು ಬೇಡವೇ ಬೇಡ, ಮಲಗುವಾಗ ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಎರಡನೆಯ ದಾರಿ ಊಟದ್ದು. ತೊಗರಿ ಹೂ ಬಿಟ್ಟಾಗ ಕಾಯಿಕೊರಕಕ್ಕೆ ಅಂತ ಹೊಲದಲ್ಲಿ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಾರೆ. ಹತ್ತಿಯಲ್ಲೂ ಹಾಗೇ. ಆ ಹೊಲದಲ್ಲಿ ಹಿಡಿದ ಮಿಡತೆಯೋ ಕೀಡಿಯೋ ತಿಂದರೆ ವಿಷ ನೇರ ಹೊಟ್ಟೆಗೆ ಹೋಗುತ್ತದೆ. ಮನೆಯಲ್ಲಿ ಸಿಕ್ಕ ಜಿರಳೆಯೂ ಜಿರಳೆ ಕೊಲ್ಲುವ ಜೆಲ್ ತಿಂದಿರಬಹುದು. ಊಟಕ್ಕೆ ಖಾಲಿ ಸೈಟಿನ ಹುಲ್ಲಿನ ಮಿಡತೆ, ಅಂಗಳದ ದೀಪಕ್ಕೆ ಬರುವ ಪತಂಗ ಒಳ್ಳೆಯದು. ವಿಷ ತಾಗಿದ ಹುಳವನ್ನು ಗಾಳಿಯಾಡುವ ಬೇರೆ ಕೋಣೆಗೆ ಒಯ್ದು, ತೊಳೆದ ಹೊಸ ಡಬ್ಬಿಗೆ ಹಾಕಿ, ಹತ್ತಿಯಲ್ಲಿ ನೀರು ಕೊಡಿ. ಅದಕ್ಕಿಂತ ಹೆಚ್ಚು ಮಾಡಲು ಆಗುವುದಿಲ್ಲ.

ಕೊನೆಯದು ಜಂತು. ಭೀಮಾ ದಂಡೆಯಲ್ಲೋ, ಕಾಲುವೆ ಪಕ್ಕದಲ್ಲೋ, ಬೀದರಿನ ಕಾರಂಜಾ ಜಲಾಶಯದ ಅಂಚಿನಲ್ಲೋ ಹಿಡಿದ ಹೆಣ್ಣಾದರೆ ಇದು ನೆನಪಿರಲಿ. ಕುದುರೆಕೂದಲ ಹುಳು ಅಂತ ಕರೆಯುವ ಉದ್ದನೆಯ, ಕಪ್ಪು ಕಂದು ಬಣ್ಣದ ಜಂತು ಮ್ಯಾಂಟಿಸ್ ಹೊಟ್ಟೆಯಲ್ಲಿ ಬೆಳೆಯುತ್ತದೆ. ನೀರಿನಲ್ಲಿ ಹುಟ್ಟಿ ರೆಕ್ಕೆ ಬಂದು ಹೊರಗೆ ಹಾರುವ ಚಿಕ್ಕ ಕೀಟಗಳನ್ನು ತಿಂದಾಗ ಅದು ಒಳಗೆ ಸೇರುತ್ತದೆ. ಬೆಳೆದ ಮೇಲೆ ಜಂತುವಿಗೆ ಮತ್ತೆ ನೀರು ಬೇಕು. ಅದಕ್ಕೆ ಅದು ಹೊತ್ತವರನ್ನೇ ನೀರಿನ ಕಡೆ ನಡೆಸುತ್ತದೆ! ಇಂಥ ಮ್ಯಾಂಟಿಸ್‌ಗಳು ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಒಂದು ಬಗೆಯ ಬೆಳಕಿಗೆ ಮರುಳಾಗುತ್ತವೆ ಎಂದು ಜಪಾನಿನ ಸಂಶೋಧಕರು 2021ರಲ್ಲಿ ತೋರಿಸಿದರು. ಹೊಟ್ಟೆ ದಪ್ಪ ಇದೆ, ನಡುಹಗಲಲ್ಲಿ ಸುಮ್ನೆ ನಡೆಯುತ್ತಲೇ ಇರುತ್ತದೆ, ಕಡ್ಡಿಯ ಮೇಲೆ ಆಸಕ್ತಿ ಇಲ್ಲ, ನೀರಿನ ಬಟ್ಟಲು ಕಂಡರೆ ಇಳಿಯುತ್ತದೆ ಅಂದರೆ ಜಂತುವಿನ ಅನುಮಾನ ಪಡಬಹುದು. ಇದಕ್ಕೆ ಮನೆಮದ್ದು ಇಲ್ಲ. ಜಂತು ಹೊರಬಂದರೆ ನೋಡಲು ಅಸಹ್ಯ ಅನ್ನಿಸಬಹುದು, ಆದರೆ ಅದು ಮನುಷ್ಯರಿಗೆ ಏನೂ ಮಾಡುವುದಿಲ್ಲ.

ಜಾಗ ಮಾಡಿಕೊಡಿ

ಸರಿ, ಬೇರೆ ಯಾವುದೂ ಅಲ್ಲ, ಮೊಟ್ಟೆಯೇ ಅಂತ ತಿಳಿಯಿತು. ಈಗ ಡಬ್ಬಿ ನೋಡಿ. ನುಣುಪು ಪ್ಲಾಸ್ಟಿಕ್ ಬರಣಿ, ಒಳಗೆ ಒಂದು ಹಸಿ ಎಲೆ, ಮುಚ್ಚಳಕ್ಕೆ ನಾಲ್ಕು ತೂತು. ಮಕ್ಕಳ ಹತ್ತಿರ ಸಾಮಾನ್ಯವಾಗಿ ಇರುವುದು ಇದೇ. ಇದರಲ್ಲಿ ಹೆಣ್ಣಿಗೆ ಮೊಟ್ಟೆ ಅಂಟಿಸಲು ಜಾಗವೇ ಇಲ್ಲ, ಅದಕ್ಕೇ ಅದು ರಾತ್ರಿಯೆಲ್ಲ ಹುಡುಕುತ್ತದೆ.

ಎತ್ತರ ಹುಳದ ಉದ್ದಕ್ಕಿಂತ ಮೂರು ಪಟ್ಟಾದರೂ ಇರಲಿ, ಅಗಲ ಎರಡು ಪಟ್ಟು. ಅದಕ್ಕಿಂತ ಬಹಳ ಎತ್ತರವೂ ಬೇಡ, ಯಾಕೆಂದರೆ ತುಂಬು ಹೊಟ್ಟೆಯ ಹೆಣ್ಣು ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆಯುವ ಅಪಾಯ ಇದೆ. ಕೆಳಗೆ ಎರಡು ಮಡಿಕೆ ಬಟ್ಟೆಯನ್ನೋ ಟಿಶ್ಯೂ ಪೇಪರನ್ನೋ ಹಾಸಿ. ಮುಚ್ಚಳದ ಜಾಗಕ್ಕೆ ಸೊಳ್ಳೆ ಪರದೆ ಬಟ್ಟೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿದರೆ ಕಾಲಿಗೆ ಒಳ್ಳೆಯ ಹಿಡಿತ ಸಿಗುತ್ತದೆ.

ಇನ್ನು ಕಡ್ಡಿ. ಇದಕ್ಕೆ ಅಂಗಡಿಗೆ ಹೋಗಬೇಕಿಲ್ಲ. ನಮ್ಮ ಜಿಲ್ಲೆಗಳಲ್ಲಿ ಮನೆ ಹಿತ್ತಿಲಲ್ಲಿ ತೊಗರಿ ಕಟ್ಟಿಗೆ ಬಿದ್ದಿರುತ್ತದೆ, ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಗಟ್ಟಿ, ಒರಟು, ಅಲ್ಲಲ್ಲಿ ಕವಲು. ಒಲೆಗೆ ಹಾಕುವ ಮೊದಲು ಎರಡು ತುಂಡು ಕೇಳಿ ಇಸಿದುಕೊಳ್ಳಿ. ಕಿರುಬೆರಳು ದಪ್ಪದ್ದು ಒಂದು, ಹೆಬ್ಬೆರಳು ದಪ್ಪದ್ದು ಒಂದು. ಎಣ್ಣೆ ಹೊಡೆದ ಬೆಳೆಯದ್ದು ಆಗಿರುವುದರಿಂದ ಚೆನ್ನಾಗಿ ತಿಕ್ಕಿ ತೊಳೆದು, ಕೆಲವು ದಿನ ಬಿಸಿಲಿಗೆ ಒಣಗಿಸಿ. ಅನುಮಾನ ಇದ್ದರೆ ರಸ್ತೆ ಬದಿಯ ಬೇವಿನ ಒಣ ಕಡ್ಡಿ ಸಾಕು. ಜೋಳದ ದಂಟು ಬೇಡ, ಅದು ನುಣುಪು, ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಒಂದು ಕಡ್ಡಿ ನೇರವಾಗಿ, ಇನ್ನೊಂದು ಓರೆಯಾಗಿ, ಅಲ್ಲಾಡದಂತೆ ನಿಲ್ಲಿಸಿ. ಇದು ಮುಖ್ಯ. ಅಲ್ಲಾಡುವ ಕಡ್ಡಿಯನ್ನು ಹೆಣ್ಣು ಬೇಡ ಅನ್ನುತ್ತದೆ. ಕಡ್ಡಿಯ ಸುತ್ತ ಹುಳ ತಿರುಗುವಷ್ಟು ಖಾಲಿ ಜಾಗ ಬಿಡಿ. ಕೆಲವು ಹೆಣ್ಣುಗಳು ಇಷ್ಟೆಲ್ಲ ಮಾಡಿಕೊಟ್ಟ ಮೇಲೂ ಮುಚ್ಚಳದ ಬಟ್ಟೆಗೇ ಮೊಟ್ಟೆ ಅಂಟಿಸುತ್ತವೆ. ಪರವಾಗಿಲ್ಲ, ಅದರ ಇಷ್ಟ.

ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು, ಡಬ್ಬಿಯ ಒಂದು ಗೋಡೆಗೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ. ಹುಳ ಹನಿ ಕುಡಿಯುತ್ತದೆ. ಮೊಟ್ಟೆಯ ನೊರೆ ಮಾಡಲು ಮೈಯಲ್ಲಿ ನೀರು ಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಗೋಡೆಗೆ ಬಿಳಿ ಕಲೆ ಕೂರಿಸುತ್ತದೆ. ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ. ಸಂಜೆ ಹೊಡೆದ ನೀರು ಬೆಳಿಗ್ಗೆಯೊಳಗೆ ಒಣಗಬೇಕು, ಇಲ್ಲದಿದ್ದರೆ ಗಾಳಿ ಸಾಲದು ಅಂತ ಅರ್ಥ.

ಪಾರದರ್ಶಕ ಡಬ್ಬಿಯಾದರೆ ಇನ್ನೊಂದು ತೊಂದರೆ ಇದೆ. ಹೊರಗೆ ಹೋಗಲು ದಾರಿ ಇದೆ ಅಂದುಕೊಂಡು ಹುಳ ಪ್ಲಾಸ್ಟಿಕ್ಕಿಗೆ ಮುಖ ಒತ್ತಿ ಒತ್ತಿ ಕಣ್ಣಿನ ಮುಂಭಾಗದಲ್ಲಿ ಕಪ್ಪು ಕಲೆ ಮಾಡಿಕೊಳ್ಳುತ್ತದೆ. ರಾತ್ರಿ ಇಡೀ ಕಣ್ಣು ಕಪ್ಪಾಗುವುದು ಸಹಜ, ಬೆಳಗಾದರೆ ಸರಿಹೋಗುತ್ತದೆ. ಹಗಲಲ್ಲೂ ಒಂದೇ ಕಡೆ ಉಳಿಯುವ ಕಲೆ ಗಾಯ. ಓಡಾಟದ ದಿನಗಳಲ್ಲಿ ಡಬ್ಬಿಯ ಮೂರು ಬದಿಗೆ ಹೊರಗಿನಿಂದ ನ್ಯೂಸ್‌ಪೇಪರ್ ಸುತ್ತಿ. ಹುಳವೂ ಬೇಗ ಶಾಂತವಾಗುತ್ತದೆ.

ಮೊಟ್ಟೆ ಇಡುವ ರಾತ್ರಿ

ಸಾಮಾನ್ಯವಾಗಿ ಸಂಜೆಯ ನಂತರ ಶುರುವಾಗುತ್ತದೆ. ಹೆಣ್ಣು ತಲೆಕೆಳಗಾಗಿ ನಿಂತು, ಹೊಟ್ಟೆಯ ತುದಿಯನ್ನು ಕಡ್ಡಿಗೆ ಒತ್ತಿ, ನಿಧಾನಕ್ಕೆ ಎಡಕ್ಕೂ ಬಲಕ್ಕೂ ಆಡಿಸತೊಡಗುತ್ತದೆ. ಹೊಟ್ಟೆಯೊಳಗಿನ ಗ್ರಂಥಿಗಳಿಂದ ಬರುವ ಅಂಟನ್ನು ತುದಿಯಲ್ಲೇ ಕಲಕಿ ಗಾಳಿ ತುಂಬಿ ನೊರೆ ಮಾಡುತ್ತದೆ, ನೊರೆಯ ನಡುವೆ ಮೊಟ್ಟೆಗಳನ್ನು ಸಾಲು ಸಾಲಾಗಿ ಕೂರಿಸುತ್ತದೆ. ತಿರುಗಿ ನೋಡುವುದೇ ಇಲ್ಲ. ಹಿಂಭಾಗದಲ್ಲಿರುವ ಎರಡು ಚಿಕ್ಕ ಕೊಂಬಿನಂಥ ಅಂಗಗಳಿಂದ ಸವರಿ ಸವರಿಯೇ ಗೂಡಿನ ಆಕಾರ ಅಳೆಯುತ್ತದೆ. ಒಂದು ಗೂಡಿಗೆ ಹಲವು ಗಂಟೆ ಹಿಡಿಯುತ್ತದೆ. ನೊರೆ ಮೊದಲು ಬೆಳ್ಳಗೋ ತಿಳಿ ಹಸಿರಾಗಿಯೋ ಇದ್ದು, ಗಟ್ಟಿಯಾಗುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕಡೆ ಸಿಗುವ ದೊಡ್ಡ ಹಸಿರು ಜಾತಿಯ ಗೂಡಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇರಬಹುದು.

ಈ ಹೊತ್ತಿನಲ್ಲಿ ನಿಮ್ಮ ಕೆಲಸ ಏನೂ ಇಲ್ಲ. ಟಾರ್ಚ್ ಬಿಡಬೇಡಿ, ಡಬ್ಬಿ ಎತ್ತಬೇಡಿ, ನೀರು ಹೊಡೆಯಬೇಡಿ. ಡಬ್ಬಿಯಲ್ಲಿ ಮಿಡತೆ ಉಳಿದಿದ್ದರೆ ಮಾತ್ರ ಸದ್ದಿಲ್ಲದೆ ತೆಗೆಯಿರಿ. ವಿಡಿಯೋ ಬೇಕೇ ಬೇಕು ಅನ್ನುವವರು ದೂರದಿಂದ ಫ್ಲ್ಯಾಶ್ ಇಲ್ಲದೆ ತೆಗೆದುಕೊಳ್ಳಿ. ನಡುವೆ ಕದಲಿಸಿದರೆ ಅದು ಅರ್ಧಕ್ಕೇ ಬಿಟ್ಟು ಹೋಗುತ್ತದೆ, ಉಳಿದ ಮೊಟ್ಟೆ ಒಳಗೇ ಉಳಿಯುತ್ತದೆ.

ಬೆಳಿಗ್ಗೆ ನೋಡಿದರೆ ಹೊಟ್ಟೆ ಚಪ್ಪಟೆಯಾಗಿರುತ್ತದೆ. ಕೆಲವರು ಅದನ್ನು ನೋಡಿಯೂ ಹೆದರುತ್ತಾರೆ. ಮೊದಲು ನೀರು ಚಿಮುಕಿಸಿ, ಚೆನ್ನಾಗಿ ಕುಡಿಯಲಿ. ಆಮೇಲೆ ಊಟ. ಈಗ ಹಸಿವು ಜೋರಾಗಿರುತ್ತದೆ. ಎರಡು ಮೂರು ದಿನ ದಿನಾಲೂ ಕೊಟ್ಟರೂ ತಪ್ಪಿಲ್ಲ. ನಂತರ ಎರಡು ಮೂರು ದಿನಕ್ಕೊಂದು ಹುಳಕ್ಕೆ ಇಳಿಸಿ. ಹೊಟ್ಟೆ ಮತ್ತೆ ಗುಂಡಗಾದ ಮೇಲೆ ತುರುಕಬೇಡಿ. ಕೊಟ್ಟಷ್ಟೂ ತಿನ್ನುತ್ತದೆ ಅಂತ ಕೊಡುತ್ತ ಹೋಗುವುದು ಪ್ರೀತಿಯಲ್ಲ.

ಇಡಲಾಗದೆ ಒದ್ದಾಡಿದರೆ

ಕಡ್ಡಿ ಇದೆ, ನೀರು ಇದೆ, ಹೊಟ್ಟೆ ಬಿಗಿದು ನಿಂತಿದೆ, ವಾರ ಕಳೆದರೂ ಮೊಟ್ಟೆ ಇಲ್ಲ. ತುದಿಯಲ್ಲಿ ಒಣ ನೊರೆ ಅಂಟಿದೆ, ಅಥವಾ ನೊರೆಯಿಲ್ಲದೆ ಬಿಡಿ ಬಿಡಿ ಮೊಟ್ಟೆ ಕೆಳಗೆ ಬಿದ್ದಿವೆ, ಹುಳ ತಳಕ್ಕೆ ಇಳಿದು ಕೂತಿದೆ. ಇದು ಮೊಟ್ಟೆ ಕಟ್ಟಿಕೊಂಡ ಲಕ್ಷಣ. ನೀರಿನ ಕೊರತೆ, ಅತಿ ಊಟ, ಚಳಿ, ವಯಸ್ಸು, ಸರಿಯಾದ ಜಾಗ ಸಿಗದಿರುವುದು ಇವೆಲ್ಲ ಕಾರಣ ಆಗುತ್ತವೆ. ಊಟ ನಿಲ್ಲಿಸಿ. ನೀರು ಎರಡು ಹೊತ್ತು ಕೊಡಿ. ಬೇರೆ ದಪ್ಪದ ಕಡ್ಡಿಗಳನ್ನು ಇಡಿ. ಚಳಿಗಾಲವಾದರೆ ಡಬ್ಬಿಯನ್ನು ಬೆಚ್ಚಗಿನ ಕೋಣೆಗೆ ತನ್ನಿ. ಅಡುಗೆಮನೆಯ ಮೇಲಿನ ಶೆಲ್ಫ್ ಆಗಬಹುದು, ಒಗ್ಗರಣೆಯ ಹೊಗೆ ಮಾತ್ರ ತಾಗಬಾರದು. ಹೊಟ್ಟೆ ಹಿಂಡಿ ಮೊಟ್ಟೆ ತೆಗೆಯುತ್ತೇನೆ ಅಂತ ಯಾರಾದರೂ ಹೇಳಿದರೆ ಕೈ ಮುಟ್ಟಿಸಬೇಡಿ, ಹುಳ ಸಾಯುತ್ತದೆ.

ವಯಸ್ಸಾದ ಹೆಣ್ಣಿನ ವಿಷಯ ಬೇರೆ. ರೆಕ್ಕೆ ಬಂದ ಮೇಲೆ ಅದು ಬದುಕುವುದು ಕೆಲವೇ ತಿಂಗಳು. ಕಾಲಿನ ತುದಿ ಕಪ್ಪಾಗಿ ಉದುರುವುದು, ಗೋಡೆ ಹತ್ತಲಾಗದಿರುವುದು, ಮುಂಗಾಲಿನ ಹೊಡೆತ ಗುರಿ ತಪ್ಪುವುದು ಮುಪ್ಪು. ಆಗ ಡಬ್ಬಿಯ ಎತ್ತರ ಕಡಿಮೆ ಮಾಡಿ, ನೊಣವನ್ನೋ ಪತಂಗವನ್ನೋ ಚಿಮಟದಲ್ಲಿ ಬಾಯಿಗೇ ಹಿಡಿಯಿರಿ.

ಮೊಟ್ಟೆಗೂಡು ಬಂತು, ಮುಂದೆ?

ಗೂಡನ್ನು ಕಿತ್ತು ತೆಗೆಯಬೇಡಿ. ಪೂರ್ತಿ ಗಟ್ಟಿಯಾಗಲು ಒಂದೆರಡು ದಿನ ಬಿಟ್ಟು, ಕಡ್ಡಿ ಸಮೇತ ತೆಗೆದು ಬೇರೆ ಡಬ್ಬಿಯಲ್ಲಿ ಇಡಿ. ಹೇಗೆ ನೇತಾಡುತ್ತಿತ್ತೋ ಹಾಗೇ ಇರಲಿ, ತಲೆಕೆಳಗು ಮಾಡಬೇಡಿ. ಬಟ್ಟೆಗೆ ಅಂಟಿದ್ದರೆ ಸುತ್ತಲಿನ ಬಟ್ಟೆಯನ್ನೇ ಕತ್ತರಿಸಿ ಹೊಸ ಮುಚ್ಚಳಕ್ಕೆ ಹೊಲಿಯಿರಿ. ಗೂಡಿನ ಕೆಳಗೆ ಒಂದು ಗೇಣಾದರೂ ಖಾಲಿ ಜಾಗ ಬೇಕು, ಮರಿಗಳು ತೆಳು ಎಳೆಗೆ ಜೋತುಬಿದ್ದು ಹೊರಬರುತ್ತವೆ. ಡಬ್ಬಿಯ ಮೂಲೆಯಲ್ಲಿ ಒದ್ದೆ ಹತ್ತಿ ಇಟ್ಟರೆ ತೇವ ಸಾಕು. ಇರುವೆ, ಹಲ್ಲಿ ಎರಡರಿಂದಲೂ ಕಾಪಾಡಿ.

28 ಡಿಗ್ರಿ ಆಸುಪಾಸಿನಲ್ಲಿ ಮರಿ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಫಲಿತ ಗೂಡೋ ಅಲ್ಲವೋ ಹೊರಗಿನಿಂದ ಹೇಳಲಾಗದು, ಎರಡೂ ಒಂದೇ ಥರ ಕಾಣುತ್ತವೆ. ಮೂರು ತಿಂಗಳು ಕಾದು ಏನೂ ಬರದಿದ್ದರೆ ಬಿಟ್ಟುಬಿಡಿ. ಗೂಡಿನ ಮೇಲೆ ಚಿಕ್ಕ ದುಂಡು ತೂತುಗಳು ಕಂಡು, ಮರಿಯ ಬದಲು ಪುಟ್ಟ ಕಣಜಗಳು ಹಾರಿದರೆ ಆಶ್ಚರ್ಯ ಬೇಡ. ಪೊಡಾಗ್ರಿಯಾನ್ ಎಂಬ ಪರಾವಲಂಬಿ ಕಣಜಗಳು ಮ್ಯಾಂಟಿಸ್ ಗೂಡಿನೊಳಗೇ ತಮ್ಮ ಮೊಟ್ಟೆ ಇಡುತ್ತವೆ. ಹೊಲದಿಂದ ತಂದ ಗೂಡುಗಳಲ್ಲಿ ಇದು ಆಗುವಂಥದ್ದೇ.

ಮರಿ ಬಂದರೆ ಒಂದೇ ಬೆಳಿಗ್ಗೆ ಡಬ್ಬಿ ತುಂಬಿಬಿಡುತ್ತದೆ. ಸೊಳ್ಳೆ ಪರದೆಯ ಕಣ್ಣಿನಲ್ಲೂ ನುಸುಳಬಹುದು, ಅದಕ್ಕೆ ಗೂಡಿಟ್ಟ ಡಬ್ಬಿಗೆ ತೆಳು ಹತ್ತಿ ಬಟ್ಟೆಯ ಮುಚ್ಚಳ ಹಾಕಿ. ಕೊಳೆತ ಬಾಳೆಹಣ್ಣಿಗೆ ಮುತ್ತುವ ಚಿಕ್ಕ ನೊಣಗಳೇ ಅವುಗಳ ಊಟ. ಸಿಗದಿದ್ದರೆ ಒಂದನ್ನೊಂದು ತಿನ್ನುತ್ತವೆ. ಐದಾರು ಇಟ್ಟುಕೊಂಡು ಉಳಿದವನ್ನು ಒಂದೆರಡು ದಿನದೊಳಗೆ ಬಿಟ್ಟುಬಿಡಿ. ತಾಯಿಯನ್ನು ಹಿಡಿದ ಜಾಗದ ಆಸುಪಾಸಿನಲ್ಲೇ ಬಿಡಿ, ಎಣ್ಣೆ ಹೊಡೆಯುವ ಹೊಲಕ್ಕೆ ಮಾತ್ರ ಬೇಡ. ದಾಸವಾಳ, ಕರಿಬೇವು, ತುಳಸಿ, ಬೇಲಿಯ ಮೆಹಂದಿ ಗಿಡ, ಎಲ್ಲ ಆಗುತ್ತದೆ. ಒಂದೇ ಗಿಡಕ್ಕೆ ಸುರಿಯದೆ ಹಂಚಿ ಬಿಡಿ, ಬಿಸಿಲು ಇಳಿದ ಮೇಲೆ ಬಿಡಿ. ಹೊರ ರಾಜ್ಯದಿಂದಲೋ ಹೊರದೇಶದಿಂದಲೋ ಕೊಂಡು ತಂದ ಜಾತಿಯಾದರೆ ಒಂದು ಮರಿಯನ್ನೂ ಹೊರಗೆ ಬಿಡಬಾರದು. ಮರಿ ಬೇಡವಾದರೆ ಅದರ ಗೂಡನ್ನು ಬಂದ ವಾರದಲ್ಲೇ ಫ್ರೀಜರಿಗೆ ಹಾಕಿ. ಮುಂದಿನ ಸಲ ಹೆಣ್ಣು ಬೇಕೆಂದರೆ ಚಿಂಚೋಳಿಯ ಕಾಡಿನ ಕಡೆ ಹೋಗಬೇಡಿ, ಅದು ವನ್ಯಜೀವಿ ಧಾಮ, ಅಲ್ಲಿಂದ ಹುಳವನ್ನೂ ತರುವ ಹಾಗಿಲ್ಲ. ಮನೆ ಹಿಂದಿನ ಬೇಲಿಯಲ್ಲೇ ಹುಡುಕಿ.